ಬಾವಲಿಗೂ ಒಂದು ಪುಸ್ತಕ

(ಸಾವನದುರ್ಗದ ತಪ್ಪಲಿನಲ್ಲಿ ನಮ್ಮ ಬಳಗವು ಏರ್ಪಡಿಸಿದ್ದ ಮಕ್ಕಳ ಪರಿಸರ ಪುಸ್ತಕ ಸಂಭ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಮಕ್ಕಳ ಪುಸ್ತಕಕ್ಕೆ ದೊರೆತ ಮನ್ನಣೆಯನ್ನು ನೆನೆದು ಸಂತೋಷಪಡಲು ನಾವಿಲ್ಲಿ ಸೇರಿದ್ದೇವೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಲೇಖಕರಾದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ಎಂಬ ಮಕ್ಕಳ ಕಾದಂಬರಿಗೆ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. ಪ್ರಶಸ್ತಿ ಬಂದು ಇಷ್ಟು ದಿನಗಳಾದ ಮೇಲೆ ಇದೆಂತಹ ಸಂಭ್ರಮ ಎಂದು ತಾವು ಕೇಳಬಹುದು. ಪತ್ರಿಕೆಗೆ ಅದು ಒಂದು ದಿನದ ಸುದ್ದಿ. ಆದರೆ ಪುಸ್ತಕವೊಂದು ಬೆಟ್ಟದ ಬುಡದ ಶಾಲೆಯ ಕಪಾಟಿಗೆ ಬಂದು, ಅಲ್ಲಿಂದ ಮಗುವಿನ ಚೀಲಕ್ಕಿಳಿದು, ಚೀಲದಿಂದ ಮನೆಯ ಜಗುಲಿಗೆ ಬರಲು ವರ್ಷಗಳೇ ಬೇಕು. ಇಲ್ಲಿಗೆ ಈಗ ಬಂದಿದೆ. ಆದುದರಿಂದ ಸಂಭ್ರಮವೂ ಈಗ.

ಈ ಪುರಸ್ಕಾರವನ್ನು ಅಕಾಡೆಮಿಯು 2010ರಿಂದ ಕೊಡುತ್ತ ಬಂದಿದೆ. ಅಕಾಡೆಮಿ ಮಾನ್ಯ ಮಾಡಿರುವ 24 ಭಾಷೆಗಳ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಗೌರವವಿದು. ಐವತ್ತು ಸಾವಿರ ರೂಪಾಯಿ, ಒಂದು ತಾಮ್ರಫಲಕ. ಕನ್ನಡದಲ್ಲಿ ಮೊದಲ ವರ್ಷ ಅದನ್ನು ಪಡೆದದ್ದು ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯ ಬಾಲ್ಯ-ಬದುಕನ್ನು ಕುರಿತು ಬರೆದ ಪುಸ್ತಕ. ‘ಬಾವಲಿ ಗುಹೆ’ಯ ಮರುವರ್ಷ, ಅಂದರೆ 2023ರಲ್ಲಿ, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಕಾದಂಬರಿಗೆ ಅದು ದೊರೆಯಿತು.

‘ಬಾವಲಿ ಗುಹೆ’ಯ ಕಥೆಯನ್ನು ನಾನು ಇಲ್ಲಿ ಹೇಳುವುದಿಲ್ಲ. ಓದಬೇಕಾದ ಮಕ್ಕಳು ಮುಂದೆಯೇ ಕುಳಿತಿರುವಾಗ ಕಾದಂಬರಿಯ ಕಥೆಯನ್ನು ಹೇಳಿಬಿಡುವುದು ಎಲೆ ಹಾಕುವ ಮೊದಲೇ ಪಾಯಸ ಬಡಿಸಿದಂತೆ. ನನ್ನ ಮಾತೇನಿದ್ದರೂ ಆ ಪುಸ್ತಕದ ಹೆಸರಿನ ಮೊದಲ ಪದದ ಮೇಲೆ. ಬಾವಲಿ. ನಮ್ಮ ಅನೇಕ ಊರುಗಳಲ್ಲಿ ಕಣ್ಣಕಪ್ಪಡಿ ಎನ್ನುತ್ತಾರೆ, ತೊಗಲಬಾವಲಿ ಎನ್ನುತ್ತಾರೆ. ಹೆಸರು ಹೇಳಿದರೆ ಸಂಜೆಯ ಹೊತ್ತು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುವ ತಾಯಂದಿರು ಇಲ್ಲಿಯೂ ಇದ್ದೀರಿ.

ಮಕ್ಕಳಿಗಾಗಿ ನಾವು ಪ್ರಕೃತಿಯ ಪುಸ್ತಕ ಮಾಡುವಾಗ ಯಾರನ್ನು ಒಳಕ್ಕೆ ಕರೆಯುತ್ತೇವೆ, ಯಾರನ್ನು ಹೊರಗೆ ನಿಲ್ಲಿಸುತ್ತೇವೆ ಎಂಬುದನ್ನು ಗಮನಿಸಿರಿ. ನವಿಲು ಬರುತ್ತದೆ. ಜಿಂಕೆ, ಆನೆಮರಿ, ಚಿಟ್ಟೆ ಬರುತ್ತವೆ. ಹುಲಿ ಕೊಲ್ಲುವ ಪ್ರಾಣಿಯಾದರೂ ಪಟ್ಟೆಗಳ ಅಂದದಿಂದ ಬರುತ್ತದೆ. ನಮ್ಮ ಕಾಡನ್ನೇ ಕಾಣದ ಜಿರಾಫೆ, ಹಿಮಕರಡಿಗಳು ಅಂಗನವಾಡಿಯ ಗೋಡೆಯ ಮೇಲೂ ಇವೆ. ಇಲ್ಲಿಂದ ಒಂದು ಬಸ್ಸಿನ ದೂರದ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಗಿಳಿ, ಆನೆ, ಕುದುರೆಗಳನ್ನು ಮಾಡುತ್ತಾರೆ. ಬಾವಲಿಯ ಗೊಂಬೆಯನ್ನು ನಾನಂತೂ ಇದುವರೆಗೆ ಕಂಡಿಲ್ಲ. ಅಂದವಿಲ್ಲದ್ದು, ಕತ್ತಲೆಯದ್ದು, ಹೆಣ ತಿನ್ನುವಂತಹದ್ದು ಮಕ್ಕಳ ಪುಸ್ತಕದ ಹೊಸಲು ದಾಟುವುದಿಲ್ಲ. ಹಾಗಿರುವಾಗ ಬಾವಲಿಯ ಹೆಸರನ್ನೇ ಮುಖಪುಟದಲ್ಲಿ ಹೊತ್ತ ಪುಸ್ತಕಕ್ಕೆ ದೇಶಮಟ್ಟದ ಮನ್ನಣೆ ಸಿಕ್ಕಿತೆಂಬುದು ನನಗೆ ಬಹಳ ಸಂತೋಷದ ವಿಷಯ.

ಆ ವರ್ಷವನ್ನೂ ನೆನಪಿಡಬೇಕು. 2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ನಿಫಾ ಸೋಂಕು ಕಾಣಿಸಿಕೊಂಡಾಗ ನಮ್ಮ ರಾಜ್ಯದಲ್ಲಿಯೂ ಜನ ಬಾವಲಿ ಕುಳಿತ ಮರದ ಕೆಳಗೆ ಹೋಗಲು ಅಂಜಿದರು. 2020ರಲ್ಲಿ ಕೊರೋನಾ ಬಂದಾಗ ಅಂಜಿಕೆ ಸಿಟ್ಟಾಯಿತು. ಮರ ಕಡಿಯಿರಿ, ಗೂಡಿಗೆ ಹೊಗೆ ಹಾಕಿರಿ ಎಂಬ ಮಾತುಗಳು ಎದ್ದವು. ಆ ವರ್ಷದ ಏಪ್ರಿಲ್‌ನಲ್ಲಿ ದಕ್ಷಿಣ ಏಷ್ಯಾದ 64 ಮಂದಿ ಬಾವಲಿ ತಜ್ಞರು ಒಟ್ಟಾಗಿ ಹೇಳಿಕೆ ನೀಡಿ, ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿರುವ ಆ ಕಾಯಿಲೆಯನ್ನು ನಮ್ಮ ಬಾವಲಿಗಳು ಹರಡುತ್ತಿಲ್ಲ, ಅವನ್ನು ಕೊಲ್ಲಬೇಡಿರಿ ಎಂದು ಕೇಳಿಕೊಳ್ಳಬೇಕಾಯಿತು. ಇದಾದ ಎರಡೇ ವರ್ಷಕ್ಕೆ ಈ ಪುರಸ್ಕಾರ ಬಂದಿತು. ಅದೇ 2022ರ ಡಿಸೆಂಬರ್‌ನಲ್ಲಿ ಸಂಸತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಿದ್ದುಪಡಿ ಮಾಡಿತು. 1972ರ ಮೂಲ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಹಣ್ಣುಬಾವಲಿಗಳನ್ನು ಕಾಗೆ, ಇಲಿ, ಹೆಗ್ಗಣಗಳ ಸಾಲಿನಲ್ಲಿ ‘ಉಪದ್ರವಕಾರಿ’ಗಳೆಂದು ಹೆಸರಿಸಲಾಗಿತ್ತು. ಯಾರು ಬೇಕಾದರೂ ಕೊಲ್ಲಬಹುದಾಗಿತ್ತು. ಆ ಪಟ್ಟಿಯೇ ಈಗ ಇಲ್ಲ. 2023ರ ಏಪ್ರಿಲ್ 1ರಿಂದ ತಿದ್ದುಪಡಿ ಜಾರಿಗೆ ಬಂದಿತು. ಕಾದಂಬರಿಗೂ ಕಾಯ್ದೆಗೂ ನೇರ ಸಂಬಂಧವೇನಿಲ್ಲ. ಆದರೆ ಒಂದೇ ವರ್ಷದಲ್ಲಿ ಒಂದು ಜೀವಿಗೆ ಸಾಹಿತ್ಯದಲ್ಲೊಂದು ಬಾಗಿಲು, ಶಾಸನದಲ್ಲೊಂದು ಬಾಗಿಲು ತೆರೆದುದನ್ನು ನಾನು ಗುರುತು ಹಾಕಿಕೊಂಡಿದ್ದೇನೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಲ್ಲಿ. ರಾತ್ರಿ ಬಾವಲಿಗಳು ಹಣ್ಣಡಿಕೆಯ ಸಿಪ್ಪೆ ಚೀಪಿ ಕಾಯನ್ನು ಕಂಡಲ್ಲಿ ಬೀಳಿಸಿ ಹೋಗುತ್ತಿದ್ದವು. ಬೆಳಗಾಗೆದ್ದು ಅದನ್ನು ಹೆಕ್ಕುವುದು ಮಕ್ಕಳ ಕೆಲಸ. ಹೆಕ್ಕಿದ ಅಡಿಕೆಯ ಪುಡಿಗಾಸು ನಮ್ಮದೇ. ಜಾತ್ರೆಯ ಬತ್ತಾಸು ಬರುತ್ತಿದ್ದುದು ಆ ಕಾಸಿನಿಂದ. ಹಾಗಿದ್ದೂ ಒಂದು ಬೇಸಿಗೆ ರಜೆಯಲ್ಲಿ ನಾವು ನಾಲ್ಕೈದು ಮಕ್ಕಳು ಸೇರಿ ತೋಟದ ಮೇಲಿನ ಗುಡ್ಡದ ಗವಿಯೊಂದಕ್ಕೆ ತರಗೆಲೆ ತುಂಬಿ ಹೊಗೆ ಹಾಕಿದೆವು. ಯಾರೂ ಹೇಳಿರಲಿಲ್ಲ. ಹಾಕಬೇಡಿ ಎಂದೂ ಯಾರೂ ಹೇಳಿರಲಿಲ್ಲ. ಹೊರಬಂದವು ಅಂಗೈ ಅಗಲದ ಚಿಕ್ಕ ಬಾವಲಿಗಳು. ಹಲವು ಹಾರಿದವು, ಕೆಲವು ನೆಲಕ್ಕೆ ಬಿದ್ದವು. ಬಿದ್ದವುಗಳಲ್ಲಿ ಒಂದರ ಎದೆಗೆ ಕೂದಲಿಲ್ಲದ, ಗುಲಾಬಿ ಬಣ್ಣದ, ಹೆಬ್ಬೆರಳಿನಷ್ಟು ಮರಿ ಕಚ್ಚಿಕೊಂಡಿತ್ತು. ಹಕ್ಕಿಗೆ ಮೊಲೆಯಿರುವುದಿಲ್ಲವಲ್ಲ ಎಂದು ನಮ್ಮಲ್ಲೊಬ್ಬ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಕೃಷಿ ಕಾಲೇಜಿಗೆ ಸೇರಿದ ಮೇಲೆ ತಿಳಿಯಿತು: ನಮ್ಮ ತೋಟಕ್ಕೆ ಬಂದು ಹಣ್ಣಡಿಕೆ ಚೀಪುತ್ತಿದ್ದ ಬಾವಲಿಗಳು ಬೇರೆ, ನಾವು ಹೊಗೆ ಹಾಕಿದ ಗವಿಯ ಬಾವಲಿಗಳು ಬೇರೆ. ಗವಿಯವು ಹಣ್ಣನ್ನು ಮುಟ್ಟುವಂತಹವೇ ಅಲ್ಲ. ರಾತ್ರಿಯಿಡೀ ಹುಳು ಹಿಡಿಯುವಂತಹವು. ಹೆಚ್ಚಿನ ಜಾತಿಯ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಇಲಿ ವರ್ಷಕ್ಕೆ ಹತ್ತಾರು ಮರಿ ಹಾಕಿ ತನ್ನ ನಷ್ಟವನ್ನು ತುಂಬಿಕೊಳ್ಳುತ್ತದೆ; ಬಾವಲಿಗೆ ಆ ಶಕ್ತಿಯಿಲ್ಲ. ಒಂದು ಗವಿಯ ಒಂದು ಬೇಸಿಗೆಯ ಮರಿಗಳನ್ನು ಕೊಂದರೆ ಆ ಗುಂಪು ಮತ್ತೆ ಮೊದಲಿನಂತಾಗಲು ಎಷ್ಟೋ ವರ್ಷ ಹಿಡಿಯುತ್ತದೆ. ನಮ್ಮ ಊರಿನ ಆ ಗವಿಯಲ್ಲಿ ಈಗ ಬಾವಲಿಗಳಿಲ್ಲ. ಅದಕ್ಕೆ ನಾವೇ ಕಾರಣವೋ, ಆಮೇಲೆ ಬಂದ ರಸ್ತೆಯೋ, ಹೇಳಲಾರೆ.

ಆ ದಿನ ನಮ್ಮ ಕೈಯಲ್ಲಿ ಬಾವಲಿಯ ಚಿತ್ರಪುಸ್ತಕವೊಂದು ಇದ್ದಿದ್ದರೆ ಹೊಗೆ ಹಾಕುತ್ತಿರಲಿಲ್ಲ ಎಂದು ಆಣೆಯಿಟ್ಟು ಹೇಳಲಾರೆ. ಮಕ್ಕಳ ಬುದ್ಧಿ ಮಕ್ಕಳ ಬುದ್ಧಿಯೇ. ಆದರೆ ಆ ಗೆಳೆಯನ ಪ್ರಶ್ನೆಗೆ ಉತ್ತರವಾದರೂ ಸಿಕ್ಕುತ್ತಿತ್ತು.

ಆ ಉತ್ತರವನ್ನು ಇಲ್ಲಿರುವ ಮಕ್ಕಳಿಗೆ ಈಗ ಕೊಡುತ್ತೇನೆ. ನಿಮ್ಮ ಅಂಗೈಯನ್ನು ಅಗಲಿಸಿ ಹಿಡಿಯಿರಿ. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳು ಮೊಣಕಾಲು ಮುಟ್ಟುವಷ್ಟು ಉದ್ದ ಬೆಳೆದವೆಂದು ಭಾವಿಸಿರಿ. ಬೆರಳುಗಳ ನಡುವೆ ತೆಳ್ಳನೆಯ ತೊಗಲನ್ನು ಹೊದಿಸಿರಿ. ಅದೇ ಬಾವಲಿಯ ರೆಕ್ಕೆ. ಅದು ಹಕ್ಕಿಯಲ್ಲ, ಹಾಲು ಕುಡಿಸುವ ಪ್ರಾಣಿ. ಹಾಲೂಡುವ ಪ್ರಾಣಿಗಳಲ್ಲಿ ನಿಜವಾಗಿ ಹಾರಬಲ್ಲದ್ದು ಇದೊಂದೇ ಬಳಗ. ಹಾರುವ ಅಳಿಲು ಹಾರುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಜಗತ್ತಿನಲ್ಲಿ ಬಾವಲಿಗಳ ಜಾತಿಗಳು 1,400ಕ್ಕೂ ಹೆಚ್ಚು. ಭಾರತದಲ್ಲಿ ಸುಮಾರು 130. ಕಣ್ಣು ಕಾಣದ ಪ್ರಾಣಿ ಎಂಬ ಮಾತು ಸುಳ್ಳು. ಹಣ್ಣು ತಿನ್ನುವವುಗಳಿಗೆ ದೊಡ್ಡ ಕಣ್ಣುಗಳಿವೆ, ಚೆನ್ನಾಗಿಯೇ ಕಾಣುತ್ತವೆ. ಹುಳು ಹಿಡಿಯುವವು ತಾವೇ ಕೂಗಿ, ಎದುರಿನ ವಸ್ತುವಿಗೆ ತಾಗಿ ಮರಳಿದ ದನಿಯಿಂದ ದಾರಿಯನ್ನೂ ಬೇಟೆಯನ್ನೂ ಗುರುತಿಸುತ್ತವೆ. ಇಟಲಿಯ ಸ್ಪಲಾಂಜಾನಿ 1790ರ ದಶಕದಲ್ಲಿಯೇ ಬಾವಲಿ ಕಣ್ಣಿಲ್ಲದೆಯೂ ತಡೆಗಳನ್ನು ತಪ್ಪಿಸಿ ಹಾರುವುದನ್ನು ಕಂಡಿದ್ದ, ಹೇಗೆಂದು ಗೊತ್ತಾಗಲಿಲ್ಲ. ನಮ್ಮ ಕಿವಿಗೆ ನಿಲುಕದ ಆ ಕೂಗನ್ನು ಯಂತ್ರದಿಂದ ಮೊದಲ ಬಾರಿಗೆ ಹಿಡಿದದ್ದು 1938ರಲ್ಲಿ, ಅಮೆರಿಕದ ಹಾರ್ವರ್ಡ್‌ನ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ. ವಿದ್ಯಾರ್ಥಿ ಎಂಬುದನ್ನು ಗಮನಿಸಿರಿ.

ಇನ್ನು ರೈತರಿಗೆ ನಾನು ಹೇಳಬೇಕಾದ ಮಾತು. ಹುಳು ತಿನ್ನುವ ಬಾವಲಿಯು ಒಂದು ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಹುಳುಗಳನ್ನು ತಿನ್ನಬಲ್ಲದು. ಹಾಲೂಡುವ ತಾಯಿ ಇನ್ನೂ ಹೆಚ್ಚು. ನಮ್ಮ ಬೆಳೆಗಳ ವೈರಿಗಳಾದ ಪತಂಗಗಳಲ್ಲಿ ಹೆಚ್ಚಿನವು ಹಾರುವುದು ರಾತ್ರಿಯಲ್ಲೇ. 2018ರಲ್ಲಿ ದೇಶಕ್ಕೆ ಮೊದಲು ನಮ್ಮ ರಾಜ್ಯದ ಮುಸುಕಿನ ಜೋಳದಲ್ಲಿ ಕಾಣಿಸಿಕೊಂಡ ಸೈನಿಕ ಹುಳುವಿನ ತಾಯಿ ಪತಂಗವೂ ರಾತ್ರಿಯದ್ದೇ. ಹಗಲಿನ ಹಕ್ಕಿಗಳು ಮಲಗಿದ ಮೇಲೆ ಈ ಕೆಲಸಕ್ಕೆ ಬೇರಾರಿದ್ದಾರೆ? ಥಾಯ್ಲೆಂಡಿನಲ್ಲಿ ಗವಿಬಾವಲಿಯ ಒಂದು ಜಾತಿಯು ಭತ್ತದ ಜಿಗಿಹುಳುವನ್ನು ತಿನ್ನುವುದರಿಂದ ಉಳಿಯುವ ಅಕ್ಕಿಯು ವರ್ಷಕ್ಕೆ ಸುಮಾರು 26 ಸಾವಿರ ಜನರ ಊಟಕ್ಕೆ ಸಮವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು.

ಬಾವಲಿಗಳು ಇಲ್ಲವಾದರೆ ಏನಾಗುವುದೆಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿತು. ಚಳಿಗಾಲದ ನಿದ್ರೆಯಲ್ಲಿದ್ದ ಬಾವಲಿಗಳು ಆ ಶಿಲೀಂಧ್ರ ರೋಗದಿಂದ ಲಕ್ಷಗಟ್ಟಲೆ ಸತ್ತವು. ರೋಗ ಹಬ್ಬಿದ ಜಿಲ್ಲೆಗಳ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ಶೇಕಡ 31ರಷ್ಟು ಹೆಚ್ಚಿಸಿಕೊಂಡರು. ಅದೇ ಜಿಲ್ಲೆಗಳಲ್ಲಿ ಹಸುಗೂಸುಗಳ ಸಾವು ಸುಮಾರು ಶೇಕಡ 8ರಷ್ಟು ಹೆಚ್ಚಿತು. ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ 2024ರಲ್ಲಿ ಪ್ರಕಟಿಸಿದ ಲೆಕ್ಕವಿದು. ನಾನು ಇದನ್ನು ಮೊದಲ ಬಾರಿ ಓದಿದಾಗ ಪುಟವನ್ನು ಮಡಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ನಾನು ಓದಿದ ಶಾಸ್ತ್ರದಲ್ಲಿ ಹುಳುವಿಗೆ ಔಷಧಿಯ ಹೆಸರು, ಪ್ರಮಾಣ, ಸಿಂಪರಣೆಯ ದಿನ ಇದ್ದವು. ಆ ಪಟ್ಟಿಯ ಕೊನೆಗೆ ಒಂದು ತೊಟ್ಟಿಲು ಇದೆ ಎಂಬುದು ಇರಲಿಲ್ಲ.

ಮಾವಿನ ತೋಟದವರು, ಸಪೋಟ ಬೆಳೆದವರು ಇಲ್ಲಿ ತುಂಬ ಮಂದಿ ಇದ್ದೀರಿ. “ಹುಳು ತಿನ್ನುವುದು ಸರಿ ಸ್ವಾಮಿ, ನಮ್ಮ ಹಣ್ಣು ತಿನ್ನುವುದಕ್ಕೇನು ಹೇಳುತ್ತೀರಿ” ಎಂದು ಕೇಳುವಿರಿ. ಕೇಳುವುದು ನ್ಯಾಯ. ಹಣ್ಣುಬಾವಲಿಯಿಂದ ನಷ್ಟವಿಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಸಪೋಟ, ಸೀಬೆ, ಮಾವುಗಳಿಗೆ ನಷ್ಟವಿದೆ. ಮೀನಿನ ಬಲೆಯನ್ನು ಸಡಿಲವಾಗಿ ಹೊದಿಸಬೇಡಿರಿ. ಬಾವಲಿ ಸಿಕ್ಕಿ ಸಾಯುತ್ತದೆ, ಗೂಬೆಯೂ ಸಿಕ್ಕುತ್ತದೆ. ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿರಿ, ಹಣ್ಣಿಗೆ ಚೀಲ ಕಟ್ಟಿರಿ. ಖರ್ಚಿದೆ, ಆ ಖರ್ಚಿಗೆ ಸರ್ಕಾರದ ನೆರವು ಬೇಕೆಂದು ನಮ್ಮ ಬಳಗವು ಕೇಳುವುದೂ ನ್ಯಾಯವೇ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿರಿ, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿರಿ. ಮಕ್ಕಳು ಗವಿಯೊಳಕ್ಕೆ ನುಗ್ಗಬಾರದು. ಕಾಯಿಲೆಯ ವಿಷಯದಲ್ಲಿ ಇಷ್ಟು ಎಚ್ಚರ ಬೇಕು, ಹೊಗೆ ಬೇಡ.

ಅದೇ ಹಣ್ಣುಬಾವಲಿ ಇಪ್ಪೆಯ ಹೂವಿಗೆ ರಾತ್ರಿಯ ಪರಾಗಸ್ಪರ್ಶಿ. ಆಲ, ಅತ್ತಿ, ಬಸರಿಯ ಹಣ್ಣು ತಿಂದು ಬೀಜವನ್ನು ಮೈಲಿಗಟ್ಟಲೆ ದೂರ ಬಿತ್ತುವುದೂ ಅದೇ. ಈ ಕರಿಗುಡ್ಡದ, ಬಿಳಿಗುಡ್ಡದ ಬಂಡೆಯ ಬಿರುಕುಗಳಲ್ಲಿ ಅತ್ತಿ-ಬಸರಿಯ ಸಸಿಗಳು ಎದ್ದಿರುವುದನ್ನು ಕತ್ತೆತ್ತಿ ನೋಡಿರಿ. ಅಲ್ಲಿಗೆ ಸಸಿ ಹೊತ್ತು ಹತ್ತಿದವರು ಯಾರು? ಇದೇ ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ನಮ್ಮ ಸಾಲುಮರದ ತಿಮ್ಮಕ್ಕನವರು ಸುಮಾರು 385 ಆಲದ ಮರಗಳನ್ನು ಬೆಳೆಸಿದರು. ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ. 2025ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಆ ತಾಯಿ ನಮ್ಮನ್ನು ಅಗಲಿದರು. ಮನುಷ್ಯರಲ್ಲಿ ತಿಮ್ಮಕ್ಕ ಒಬ್ಬರೇ. ಆಲದ ಬೀಜವನ್ನು ರಾತ್ರಿಯಲ್ಲಿ ಹೊತ್ತು ಬಿತ್ತುವ ಕೆಲಸವನ್ನು ಈ ಸುತ್ತಿನಲ್ಲಿ ಹೆಚ್ಚಾಗಿ ಮಾಡುತ್ತಿರುವುದು ನಾವು ಕಲ್ಲು ಹೊಡೆಯುವ ಈ ಪ್ರಾಣಿ.

ಅಂದವಿಲ್ಲದ ಜೀವಿಯ ಕಥೆ ನಿಮಗೆ ಹೊಸದಲ್ಲ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೊರಗಿನವರು ಬರುವುದು 1975ರ ‘ಶೋಲೆ’ ಚಿತ್ರದ ಬಂಡೆಗಳನ್ನು ನೋಡಲು. ಆ ಬಂಡೆಗಳ ಮೇಲೆ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅದು ಅಭಯಧಾಮವಾಯಿತು. ಅಷ್ಟರಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ದೇಶದ ರಣಹದ್ದುಗಳೆಲ್ಲ ಬಹುಪಾಲು ಸತ್ತುಹೋಗಿದ್ದವು. 2006ರಲ್ಲಿ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಹೆಣ ತಿನ್ನುವ ಹಕ್ಕಿ ಎಂದು ಯಾವ ಮಗುವಿನ ಪುಸ್ತಕದಲ್ಲೂ ಅದಕ್ಕೆ ಜಾಗವಿರಲಿಲ್ಲ. ಕಾಣೆಯಾದಾಗ ಹುಡುಕುವವರೂ ಇರಲಿಲ್ಲ.

ಬಾವಲಿಗಳಿಗೂ ಅಂತಹ ಅಪಾಯ ನಮ್ಮ ನೆರೆಯಲ್ಲೇ ಇದೆ. ಕೋಲಾರದ ಹನುಮನಹಳ್ಳಿಯ ಒಂದು ಗವಿಯಲ್ಲಿ ‘ಕೋಲಾರದ ಎಲೆಮೂಗಿನ ಬಾವಲಿ’ ಎಂಬ ಜಾತಿಯಿದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಮೊದಲು ತೇರಹಳ್ಳಿಯ ಬೆಟ್ಟದಲ್ಲಿಯೂ ಇತ್ತು, ಈಗ ಇಲ್ಲ. ಜಗತ್ತಿನ ಬೇರೆಲ್ಲಿಯೂ ಅದು ಕಂಡುಬಂದಿಲ್ಲ; ಉಳಿದಿರುವುದು ಇನ್ನೂರಕ್ಕೂ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತವೆ. ಅದಕ್ಕೆ ಒದಗಿದ ದೊಡ್ಡ ಗಂಡಾಂತರ ಕಲ್ಲು ಗಣಿಗಾರಿಕೆ. ಗ್ರಾನೈಟ್ ಎಂದರೇನು, ಸಿಡಿಮದ್ದು ಎಂದರೇನು ಎಂದು ಮಾಗಡಿ, ಕನಕಪುರ, ರಾಮನಗರಗಳವರಿಗೆ ನಾನು ವಿವರಿಸಬೇಕಾಗಿಲ್ಲ. ಬೆಳಗಾವಿಯ ಖಾನಾಪುರ ತಾಲೂಕಿನ ಭೀಮಗಡದ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್‌ನ ಬಾವಲಿಗೂ ಇಂತಹುದೇ ಖ್ಯಾತಿ. ಬಹುಕಾಲ ಜಗತ್ತಿನಲ್ಲಿ ಅದೊಂದೇ ನೆಲೆ ಎಂದು ತಿಳಿಯಲಾಗಿತ್ತು. ‘ಬಾವಲಿ ಗುಹೆ’ ಎಂಬ ಹೆಸರು ಕನ್ನಡನಾಡಿಗೆ ಎಷ್ಟು ಒಪ್ಪುತ್ತದೆ ನೋಡಿರಿ.

ಇನ್ನು ಚಿತ್ರಗಳ ಮಾತು. ಪುರಸ್ಕಾರ ಬಂದಿರುವುದು ಅಕ್ಷರದ ಪುಸ್ತಕಕ್ಕೆ. ಓದಲು ಬಾರದ ಐದು ವರ್ಷದ ಮಗುವಿಗೆ ಚಿತ್ರವೇ ಅಕ್ಷರ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದು ಕನ್ನಡದ ಮಕ್ಕಳಿಗೆ ಜಗತ್ತನ್ನು ತೋರಿಸಹೊರಟರು. ಆ ಧೈರ್ಯಕ್ಕೆ ತಕ್ಕ ಚಿತ್ರಪುಸ್ತಕಗಳು ನಮ್ಮ ಬೆಟ್ಟಗಳ ಬಗೆಗೆ ಆಮೇಲೆ ಬಂದದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಜಾನೆಲ್ ಕ್ಯಾನನ್ ಎಂಬಾಕೆ 1993ರಲ್ಲಿ ‘ಸ್ಟೆಲ್ಲಾಲೂನಾ’ ಎಂಬ ಚಿತ್ರಪುಸ್ತಕ ಮಾಡಿದಳು. ಗೂಬೆಯ ದಾಳಿಯಲ್ಲಿ ತಾಯಿಯಿಂದ ತಪ್ಪಿದ ಹಣ್ಣುಬಾವಲಿಯ ಮರಿಯೊಂದು ಹಕ್ಕಿಯ ಗೂಡಿಗೆ ಬಿದ್ದು, ಹಕ್ಕಿಮರಿಗಳೊಂದಿಗೆ ಹುಳು ತಿಂದು, ರಾತ್ರಿ ನಿದ್ರಿಸಿ ಬೆಳೆಯುವ ಕಥೆ. ಮರಿಯ ಮುಖವನ್ನು ಆಕೆ ಸುಳ್ಳು ಅಂದ ಹಚ್ಚದೆ ಬಿಡಿಸಿದ್ದಾಳೆ, ಆದರೂ ಮಗು ಅದನ್ನು ಎತ್ತಿಕೊಳ್ಳಬೇಕೆನ್ನುತ್ತದೆ. ಪುಸ್ತಕದ ಕೊನೆಗೆ ನಿಜವಾದ ಬಾವಲಿಗಳ ಬಗೆಗೆ ಟಿಪ್ಪಣಿಯಿದೆ. ಬಾವಲಿಯ ಮನೆಗೆ ನೆಂಟರು ಬಂದರೆ ಅವರೂ ಜೋತುಬೀಳಬೇಕೆಂದು ನಮ್ಮ ಹಿರಿಯರು ನಗೆಯಾಡುತ್ತಿದ್ದರಲ್ಲ, ಆ ಪುಸ್ತಕದಲ್ಲಿ ಹಕ್ಕಿಮರಿಗಳು ಹಾಗೆಯೇ ಜೋತುಬೀಳುತ್ತವೆ!

ಹೊರದೇಶದ ಮಾತು ಬೇಡವೆಂದರೆ ನಮ್ಮ ದೇಶದ್ದೇ ಹೇಳುತ್ತೇನೆ. ಮಧ್ಯಪ್ರದೇಶದ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮಸಿಂಗ್ ಉರ್ವೇತಿ ಈ ಮೂವರು ಮರಗಳ ರಾತ್ರಿಯ ಬದುಕನ್ನು ಬಿಡಿಸಿದರು. ಹಗಲೆಲ್ಲ ನೆರಳು, ಹಣ್ಣು ಕೊಡುತ್ತ ದುಡಿಯುವ ಮರ ರಾತ್ರಿಯಲ್ಲಿ ತನ್ನ ನಿಜರೂಪ ತಾಳುತ್ತದೆ ಎಂಬುದು ಅವರ ಹಿರಿಯರ ನಂಬಿಕೆ. ಚೆನ್ನೈನ ತಾರಾ ಬುಕ್ಸ್ ಅದನ್ನು ಕಪ್ಪು ಕಾಗದದ ಮೇಲೆ ಕೈಯಿಂದಲೇ ಪರದೆ ಮುದ್ರಣ ಮಾಡಿ 2006ರಲ್ಲಿ ಹೊರತಂದಿತು. 2008ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಅದಕ್ಕೆ ಪ್ರಶಸ್ತಿ ಬಂದಿತು. ಅವರ ಕಲೆ ಮೊದಲು ಇದ್ದದ್ದು ಮನೆಯ ಮಣ್ಣುಗೋಡೆಯ ಮೇಲೆ. ನಮ್ಮ ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವೂ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಮೂಡುವಂತಹದ್ದು. ಗೋಡೆಯಿಂದ ಪುಸ್ತಕಕ್ಕೆ ಬರುವ ದಾರಿ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಈ ಎರಡು ದಿನಗಳಿಂದ ಇಲ್ಲಿನ ಮಕ್ಕಳು ಬಿಡಿಸಿದ ಚಿತ್ರಗಳನ್ನು ಆ ಹಗ್ಗಕ್ಕೆ ತೂಗುಹಾಕಿದ್ದೇವೆ. ತಾವೆಲ್ಲ ನೋಡಬೇಕು. ನಿನ್ನೆ ಬೆಳಿಗ್ಗೆ ಬಾವಲಿ ಬಿಡಿಸಿರಿ ಎಂದಾಗ ಹೆಚ್ಚಿನವರು ಬಿಡಿಸಿದ್ದು ಕೋರೆಹಲ್ಲಿನ, ಕೆಂಪುಕಣ್ಣಿನ, ಕಾಗೆಯಂತೆ ಕೊಂಬೆಯ ಮೇಲೆ ನೆಟ್ಟಗೆ ನಿಂತ ಪ್ರಾಣಿಯನ್ನು. ಟಿವಿಯದು. ಸಂಜೆ ಹೊಲದ ಬದುವಿನಲ್ಲಿ ಕುಳಿತು ನೋಡಿ ಬಂದ ಮೇಲೆ ಇಂದು ಬಿಡಿಸಿದವುಗಳಲ್ಲಿ ಕಣ್ಣು ಕಪ್ಪಾಗಿದೆ, ರೆಕ್ಕೆಯಲ್ಲಿ ಬೆರಳು ಬಂದಿದೆ. ಆರನೆಯ ತರಗತಿಯ ಒಬ್ಬ ಹುಡುಗಿ ಕಾಗದವನ್ನೇ ತಲೆಕೆಳಗಾಗಿ ಹಿಡಿದು ಬಿಡಿಸಿದಳು. ಏಕಮ್ಮ ಎಂದರೆ, “ಅದಕ್ಕೆ ಹೀಗೇ ನೇರ ಅಲ್ವಾ” ಎಂದಳು. ಕೋರೆಹಲ್ಲು ಬಿಡಿಸಿದವರು ಇನ್ನೂ ಮೂವರಿದ್ದಾರೆ, ಅವರದನ್ನೂ ತೂಗುಹಾಕಿದ್ದೇವೆ.

ಇಷ್ಟೆಲ್ಲ ಹೇಳಲು ಒಂದು ಕಾರಣವಿದೆ. ಈ ಸುತ್ತಿನ ಒಂದು ಊರಿನಲ್ಲಿ, ಹೆಸರು ಬೇಡ, ಬಂಡೆಯ ಸೀಳೊಂದರಲ್ಲಿ ಬಾವಲಿಗಳ ನೆಲೆಯಿದೆ. ಪಕ್ಕದಲ್ಲೇ ಹಟ್ಟಿಗಳು. ಕಳೆದ ಬೇಸಿಗೆಯಲ್ಲಿ ಮಗುವೊಂದಕ್ಕೆ ಜ್ವರ ಬಂದಾಗ ಸೀಳಿಗೆ ಹೊಗೆ ಹಾಕಿ ಕಲ್ಲು ಜಡಿದು ಮುಚ್ಚಬೇಕೆಂಬ ಮಾತು ಎದ್ದಿತು. ಆಸ್ಪತ್ರೆಯಲ್ಲಿ ಅದು ಡೆಂಗೀ ಎಂದು ತಿಳಿದು ಮಗು ಗುಣವಾಯಿತು. ಆದರೂ ಮಾತು ನಿಂತಿಲ್ಲ, ಮುಂದಿನ ಗ್ರಾಮಸಭೆಗೆ ಬರಲಿದೆ. ಆ ಊರಿನ ಹಿರಿಯರು ಇಲ್ಲಿಯೂ ಬಂದಿದ್ದೀರಿ. ನಿಮ್ಮ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ. ಮಗುವಿನ ಮೈ ಸುಟ್ಟಾಗ ಯಾವ ತಾಯಿಗೂ ವಿಜ್ಞಾನದ ಪಾಠ ಬೇಕಾಗುವುದಿಲ್ಲ. ಸಭೆಗೆ ನಾನೂ ಬರುತ್ತೇನೆ. ಅದಕ್ಕೂ ಮೊದಲು ಸೀಳಿನ ಮುಂದಕ್ಕೆ ಮಕ್ಕಳು, ದನಗಳು ಹೋಗದಂತೆ ಮುಳ್ಳಿನ ಬೇಲಿ ಹಾಕೋಣ; ಬೇಲಿಯ ಕೆಲಸಕ್ಕೆ ಬಳಗದ ಹತ್ತು ಮಂದಿ ಸಿದ್ಧರಿದ್ದಾರೆ. ಹಟ್ಟಿಯ ಸುತ್ತ ನಿಂತ ನೀರನ್ನು ಬಸಿಯುವ ಕೆಲಸಕ್ಕೂ ಅವರೇ ಬರುತ್ತಾರೆ. ಡೆಂಗೀ ಹರಡುವ ಸೊಳ್ಳೆ ಹುಟ್ಟುವುದು ಬಂಡೆಯ ಸೀಳಿನಲ್ಲಿ ಅಲ್ಲ, ನಮ್ಮ ಒಡೆದ ಮಡಕೆಗಳಲ್ಲಿ, ಹಳೆಯ ಟೈರುಗಳಲ್ಲಿ.

ಮಕ್ಕಳ ಈ ಚಿತ್ರಗಳಿಂದ ಹದಿನಾರು ಪುಟದ ಪುಸ್ತಕವೊಂದನ್ನು ಮಾಡಬೇಕೆಂದು ಬಳಗವು ಯೋಚಿಸಿದೆ. ಬಾವಲಿ, ರಣಹದ್ದು, ಹಾವು, ಚೇಳು, ಗೂಬೆ, ಕತ್ತೆಕಿರುಬ, ಎಲ್ಲ ಬೇಡವಾದವರೂ. ಒಂದೊಂದು ಊರಿಗೆ ಒಂದೊಂದು ಪುಟ. ಮುದ್ರಣದ ಹಣ ಇನ್ನೂ ಸೇರಿಲ್ಲ, ಬಾಗಿಲಲ್ಲಿ ಡಬ್ಬಿಯಿದೆ. ಪ್ರಶಸ್ತಿಯ ಆಸೆ ನಮಗಿಲ್ಲ ಎಂದರೆ ಸುಳ್ಳಾದೀತು, ಆದರೆ ಮೊದಲ ಪ್ರತಿ ಹೋಗಬೇಕಾದದ್ದು ಆ ಹಟ್ಟಿಗಳ ಅಂಗನವಾಡಿಗೆ.

ಊಟವಾದ ಮೇಲೆ ‘ಬಾವಲಿ ಗುಹೆ’ಯ ಮೊದಲ ಅಧ್ಯಾಯವನ್ನು ಕಾಲೇಜಿನ ವಿದ್ಯಾರ್ಥಿಗಳು ಗಟ್ಟಿಯಾಗಿ ಓದುತ್ತಾರೆ. ಸಂಜೆ ಆರಕ್ಕೆ ಎಲ್ಲರೂ ಕೆರೆಯ ಏರಿಯ ಮೇಲೆ ಕುಳಿತಿರಬೇಕು. ಟಾರ್ಚು ಹಾಕಬೇಡಿ, ಪಟಾಕಿ-ಸಿಳ್ಳೆ ಬೇಡ. ಮೊದಲು ಒಂದೋ ಎರಡೋ ಹೊರಬರುತ್ತವೆ, ಆಮೇಲೆ ಒಟ್ಟಾಗಿ. ಎಣಿಸಲು ಒಬ್ಬೊಬ್ಬರೂ ಒಂದು ಹಿಡಿ ಹುಣಸೆಬೀಜ ತನ್ನಿರಿ.